ಕೊನೆಯ ಪದ ನುಂಗುವ ಕಂಪ್ಯೂಟರ್

“ಏಳೋ, ನಾನೇ ಮಾಡ್ತೀನಿ!” ಬುಗುರಿ ಅಣ್ಣನನ್ನು ಕುರ್ಚಿಯಿಂದ ಎಬ್ಬಿಸಿ ಕೀಬೋರ್ಡ್ ಎಳೆದುಕೊಂಡಳು.

ಅಣ್ಣ ಹಲ್ಲು ಕಚ್ಚಿಕೊಂಡು ಸ್ಟೂಲಿಗೆ ಸರಿದ. ಅವನಿಗೆ ಕಣ್ಣು ಕಾಣುವುದಿಲ್ಲ. ಪಾಠಗಳನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಈಗೀಗ ಅದು ಪ್ರತಿ ವಾಕ್ಯದ ಕೊನೆಯ ಪದವನ್ನು ನುಂಗುತ್ತಿತ್ತು. “ತಿಮಿಂಗಿಲ ಮೀನು ಅಲ್ಲ” ಎಂದಿದ್ದರೆ “ತಿಮಿಂಗಿಲ ಮೀನು” ಎಂದು ಓದಿ ಸುಮ್ಮನಾಗುತ್ತಿತ್ತು. ಅಣ್ಣ ಟೆಸ್ಟಿನಲ್ಲಿ ಹಾಗೇ ಹೇಳಿದ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾಳೆ ದೊಡ್ಡ ಪರೀಕ್ಷೆ.

ಬುಗುರಿ ಹಾಗೆ ಓದಿ ಹೇಳುವ ಪ್ರೋಗ್ರಾಂ ಮಾಡಿದವರಿಗೆ ಮೇಲ್ ಕಳಿಸಿದ್ದಳು. “ತಪ್ಪು ಸರಿಮಾಡಿದ್ದೇವೆ. ರೆಡಿ ಪ್ರೋಗ್ರಾಂ ನಿಮಗೆ ಸಿಗಲು ಎರಡು ತಿಂಗಳಾದೀತು. ಅವಸರವಿದ್ದರೆ ಸೋರ್ಸ್ ಕೋಡ್ ಇಳಿಸಿಕೊಂಡು ನೀವೇ ಬಿಲ್ಡ್ ಮಾಡಿಕೊಳ್ಳಿ” ಎಂದು ಉತ್ತರ ಬಂದಿತ್ತು.

“ಅಂದ್ರೆ, ರೆಡಿಮೇಡ್‌ಗೆ ಕಾಯಬೇಡಿ, ಬಟ್ಟೆ ತಂದು ಹೊಲ್ಕೊಳ್ಳಿ ಅಂತ” ಎಂದಳು ಟೈಲರ್ ಅಮ್ಮ, ಮೆಷಿನ್ ನಿಲ್ಲಿಸದೆಯೇ.

ಹೊಲಿಗೆಯೇ ವಾಸಿ! ಬಿಲ್ಡ್ ಅರ್ಧಕ್ಕೇ ನಿಂತಿತು. ಯಾವುದೋ ಫೈಲ್ ಇಲ್ಲವಂತೆ. ಅದನ್ನು ಹುಡುಕಿ ಹಾಕಿದರೆ ಇನ್ನೊಂದು ಇಲ್ಲವಂತೆ. ಬೆಳಿಗ್ಗೆ ಕೂತವಳಿಗೆ ಮಧ್ಯಾಹ್ನವಾಯಿತು. ಅಂತೂ ಇಂತೂ ಬಿಲ್ಡ್ ಮುಗಿಯಿತು, ಇನ್‌ಸ್ಟಾಲೂ ಆಯಿತು.

ಬುಗುರಿ ಓದಿಸಿ ನೋಡಿದಳು.

“ಕಬ್ಬಿಣ ನೀರಿನಲ್ಲಿ” ಎಂದಿತು ಕಂಪ್ಯೂಟರ್. ಅಷ್ಟೇ.

“ಥೂ! ಮತ್ತೆ ನುಂಗ್ತು!” ಅಣ್ಣ ಸ್ಟೂಲಿನಿಂದ ಎದ್ದೇಬಿಟ್ಟ. “ಬಿಟ್ಬಿಡೇ. ನಿನ್ನ ಕೈಲಿ ಆಗಲ್ಲ.”

ಬುಗುರಿಗೆ ಮೈಯೆಲ್ಲ ಉರಿಯಿತು. “ಯಾರಿಗೋಸ್ಕರ ಒದ್ದಾಡ್ತಿದೀನಿ ನಾನು? ಒಂದು ಥ್ಯಾಂಕ್ಸ್ ಇಲ್ಲ!”

“ನನ್ನ ಕೇಳಿದ್ಯಾ?” ಅಣ್ಣ ಕಿರುಚಿದ. “ಎಬ್ಬಿಸಿದೆ, ಕೂತೆ! ಸ್ಕ್ರೀನಲ್ಲಿ ಏನಿದೆ ಅಂತ ಒಂದು ಸಲ ಓದಿ ಹೇಳಿದ್ಯಾ? ಸ್ಕೂಲಲ್ಲೂ ಹಿಂಗೇ. ಬ್ಯಾಗ್ ಕಿತ್ಕೊಂಡು ಹೊರ್ತಾರೆ, ಕೈ ಹಿಡಿದು ಎಳೀತಾರೆ. ಒಬ್ರೂ ಕೇಳಲ್ಲ!”

ಅಮ್ಮನ ಮೆಷಿನ್ ನಿಂತಿತು.

ಬುಗುರಿಗೆ ಸಿಟ್ಟಿನ್ನೂ ಇತ್ತು. ಆದರೂ ಕುರ್ಚಿ ಬಿಟ್ಟು ಎದ್ದಳು.

ಅಣ್ಣ ಕೂತ. “ಹೊಸದು ಯಾವ ಫೋಲ್ಡರ್‌ಗೆ ಹೋಗಿದೆ? ಓದು.”

ಅವಳು ಓದಿದಳು.

“ಹಳೇದಿರೋದು ಬೇರೆ ಕಡೆ, ಪೆದ್ದಿ. ಕಂಪ್ಯೂಟರ್ ಇನ್ನೂ ಅದನ್ನೇ ಓಡಿಸ್ತಿದೆ.”

ಅವನ ಬೆರಳುಗಳು ಪಟಪಟನೆ ಓಡಿದವು. ಹಳೆಯದನ್ನು ತೆಗೆದ ಕೂಡಲೇ ಕಂಪ್ಯೂಟರ್ ಪೂರ್ತಿ ಮೂಕವಾಯಿತು. ಬುಗುರಿಯ ಕೈ ಕೀಬೋರ್ಡಿನತ್ತ ಹೋಯಿತು. ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು. ಆ ನಿಶ್ಶಬ್ದದಲ್ಲೇ ಅಣ್ಣ ಹೊಸದರ ಹೆಸರು ಟೈಪ್ ಮಾಡಿದ, ಎಂಟರ್ ಒತ್ತಿದ.

“ಕಬ್ಬಿಣ ನೀರಿನಲ್ಲಿ ಮುಳುಗುತ್ತದೆ.”

ಇಬ್ಬರೂ ನಗಲಿಲ್ಲ. ಅಣ್ಣ ಮೂಗು ಒರೆಸಿಕೊಂಡು ಮುಂದಿನ ಪಾಠ ತೆರೆದ. ಅದರಲ್ಲೊಂದು ಚಿತ್ರವಿತ್ತು. ಚಿತ್ರ ಓದುವುದು ಕಂಪ್ಯೂಟರಿಗೆ ಬಾರದು.

“ಚಿತ್ರದಲ್ಲಿ ಏನಿದೆ ಅಂತ ಹೇಳ್ಲಾ?” ಬುಗುರಿ ಕೇಳಿದಳು.

ಅಣ್ಣ ಸ್ವಲ್ಪ ಯೋಚಿಸಿದ. “ಈಗ ಬೇಡ. ಬೇಕಾದ್ರೆ ಕರೀತೀನಿ.”

“ಹೂಂ” ಎಂದು ಅವಳು ಹೊರಗೆ ಹೋದಳು. ಮೆಟ್ಟಿಲ ಮೇಲೆ, ಅವನು ಕರೆದರೆ ಕೇಳಿಸುವಷ್ಟು ದೂರದಲ್ಲಿ ಕೂತಳು.