ಮುಖ ಬೇಡುವ ಬಣ್ಣ

“ಆ ಡಬ್ಬಿ ಮುಟ್ಟಬೇಡಿ ಸಾರ್. ನಿಮ್ಮ ದಮ್ಮಯ್ಯ.”

ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು, ನಟರ ಬಟ್ಟೆಬರೆ ನೋಡಿಕೊಳ್ಳುವ ಉಡುಪಿನ ಅಕ್ಕ ಕೈ ಮುಗಿದಳು. ಕನ್ನಡಿಯ ಮುಂದೆ ಕೂತಿದ್ದ ನಟ ತಿರುಗಿಯೂ ನೋಡಲಿಲ್ಲ. ಕಪಾಟಿನ ಮೂಲೆಯಲ್ಲಿ ಕರಿದಾರ ಸುತ್ತಿ ಇಟ್ಟಿದ್ದ ತಗಡಿನ ಡಬ್ಬಿ ಆಗಲೇ ಅವನ ಕೈಯಲ್ಲಿತ್ತು.

“ಯಾಕೆ, ಕಚ್ಚುತ್ತಾ?”

“ನಮ್ಮಣ್ಣ ಮಾಡಿಸಿಟ್ಟಿದ್ದು ಅದು. ನೀವೀಗ ಮಾಡ್ತಿರೋ ಅಪ್ಪನ ಪಾತ್ರ ಜೀವಮಾನವೆಲ್ಲ ಅವನದೇ ಆಗಿತ್ತು. ವಯಸ್ಸಾಯ್ತು ಅಂತ ಕಿತ್ತು ಬೇರೆಯವನಿಗೆ ಕೊಟ್ರು. ಅಣ್ಣ ಸ್ಮಶಾನದ ಬೂದಿ ತಂದು, ಮಾಟ ಮಾಡಿಸಿ, ತನ್ನ ಬಣ್ಣದಲ್ಲಿ ಕಲಸಿಟ್ಟ. ಇದನ್ನ ಹಚ್ಕೊಂಡು ನನ್ನ ಪಾತ್ರ ಮಾಡೋನ ಮುಖ ನನಗೇ ಸೇರಲಿ ಅಂದ. ಆಮೇಲೆ ಹೆಚ್ಚು ದಿನ ಬದುಕಲಿಲ್ಲ.”

“ಎಸೆದುಬಿಡೋದಲ್ವೇನಮ್ಮ?”

“ಎಸೆಯೋಕೆ ಹೋದ ರಂಗಮಂದಿರದ ಯಜಮಾನ್ರ ಕೈ ಬಿದ್ದುಹೋಯ್ತು. ಇವತ್ತಿಗೂ ತುತ್ತು ಎತ್ತೋಕಾಗಲ್ಲ.”

ನಟ ಗಹಗಹಿಸಿ ನಕ್ಕ. ಮೂಲೆಯ ಪೆಟ್ಟಿಗೆಯ ಮೇಲೆ ಕೂತಿದ್ದ ಮಗಳ ಕಡೆ ತಿರುಗಿದ. “ಕೇಳಿದ್ಯಾ ಪುಟ್ಟಿ? ಸತ್ತವರಿಗೂ ನನ್ನ ಮುಖ ಬೇಕಂತೆ. ಬದುಕಿರೋ ನಿರ್ಮಾಪಕರಿಗೆ ಮಾತ್ರ ಬೇಡ!”

ಮಗಳು ನಗಲಿಲ್ಲ. “ಬಿಡಪ್ಪ, ಬೇರೆ ಬಣ್ಣ ಇದೆಯಲ್ಲ.”

ಆ ತಮಾಷೆಯೊಳಗೆ ಅವನ ಹೊಟ್ಟೆಯ ಸಂಕಟವೆಲ್ಲ ಇತ್ತು. ನಾಟಕಗಳಲ್ಲಿ ರಾಜನ ಹಿಂದೆ ಈಟಿ ಹಿಡಿದು, ತುಟಿ ಎರಡು ಮಾಡದೆ ನಿಲ್ಲುತ್ತಿದ್ದ ಹುಡುಗನನ್ನು ಸಿನಿಮಾಕ್ಕೆ ಎಳೆದುಕೊಂಡು ಹೋದದ್ದು ಈ ಮುಖವೇ. ಅವನು ಒಂದು ಹುಬ್ಬು ಎತ್ತಿದರೆ ಸಾಕು, ಟಾಕೀಸಿನಲ್ಲಿ ಶಿಳ್ಳೆ. ಕ್ಷೌರದಂಗಡಿಯ ಗೋಡೆಗಳ ಮೇಲೆ ಅವನೇ, ಹುಡುಗಿಯರ ಪುಸ್ತಕದ ರಟ್ಟಿನೊಳಗೂ ಅವನೇ. ಹೆಂಡತಿ ತೀರಿಕೊಂಡಾಗಲೂ ಅವನು ದೂರದ ಚಿತ್ರೀಕರಣದಲ್ಲಿದ್ದ. ಮಗಳು ಬೆಳೆದದ್ದು ಸೆಟ್ಟುಗಳ ಮಡಿಲಲ್ಲಿ. ಆಮೇಲೆ ಕೂದಲು ತೆಳ್ಳಗಾಯಿತು. ಪೋಸ್ಟರಿನ ನಡುವೆ ಇದ್ದವನು ಅಂಚಿಗೆ ಸರಿದ, ಅಂಚಿನಿಂದಲೂ ಜಾರಿದ. ಫೋನು ಮೂಕವಾಯಿತು. ಈ ಹಳೆಯ ರಂಗಮಂದಿರದವರು ಕರೆದಾಗ, ಎಲ್ಲಿ ಹುಟ್ಟಿದೆನೋ ಅಲ್ಲೇ ಎದ್ದು ನಿಂತು ತೋರಿಸುತ್ತೇನೆ ಎಂದು ಹಟ ತೊಟ್ಟು ಬಂದಿದ್ದ.

ಕತ್ತರಿ ತೆಗೆದುಕೊಂಡು ಕರಿದಾರ ಕತ್ತರಿಸಿದ.

ಮುಚ್ಚಳ ತೆರೆದದ್ದೇ ತಡ, ನೆನೆದ ಬೂದಿಯ, ಸುಟ್ಟ ಕೂದಲಿನ ವಾಸನೆ ಕೋಣೆಗೆಲ್ಲ ಅಡರಿತು. ಉಡುಪಿನ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಬಣ್ಣ ಮಾತ್ರ ಬೆಣ್ಣೆಯಂತೆ ನುಣ್ಣಗಿತ್ತು. ಕೆನ್ನೆಗೆ ಹಚ್ಚಿದರೆ ತಣ್ಣಗೆ, ಯಾರೋ ಅಂಗೈ ಇಟ್ಟ ಹಾಗೆ. ಅವನು ಹಣೆ ಮುಟ್ಟುವ ಮೊದಲೇ ಬಣ್ಣ ತಾನಾಗಿ ಮೇಲಕ್ಕೆ ಹರಿದಂತಾಯಿತು. ಬಲ್ಬಿನ ಮಂಕು ಬೆಳಕು ಕಣ್ಣಿಗೆ ಮೋಸ ಮಾಡಿರಬೇಕು ಎಂದುಕೊಂಡ.

ಮಧ್ಯಾಹ್ನದ ಆಟ. ರಂಗಮಂದಿರ ಕಿಕ್ಕಿರಿದಿತ್ತು.

ಮೊದಲ ಅಂಕದಲ್ಲಿ ಅವನು ಆಡಿದ ಪರಿಗೆ ಜೊತೆಯ ನಟರೇ ಬೆರಗಾದರು. ತಾಲೀಮಿನಲ್ಲಿ ತಡವರಿಸುತ್ತಿದ್ದ ಮಾತು ಈಗ ನೀರಿನಂತೆ ಹರಿಯಿತು. ಕಲಿಯದ ನೋಟ, ಮಾಡದ ಅಭ್ಯಾಸ, ಎಲ್ಲವೂ ಮುಖದ ಮೇಲೆ ತಾವಾಗಿ ಮೂಡಿದವು. ಮುಂದಿನ ಸಾಲಿನ ಹೆಂಗಸರು ಬಿಕ್ಕುತ್ತಿದ್ದರು. ಗೆದ್ದೆ ಅಂದುಕೊಂಡ.

ಎರಡನೆಯ ಅಂಕದಲ್ಲಿ ನಾಟಕದ ಮಗನನ್ನು ನೋಡಿ ನಗಬೇಕಿತ್ತು. ನಗಲು ಹೋದ. ಮುಖ ಅತ್ತಿತು.

ಮತ್ತೆ ಪ್ರಯತ್ನಿಸಿದ. ಹುಬ್ಬು ಏಳಲಿಲ್ಲ. ಬೇರೆ ಯಾರೋ ಅದನ್ನು ಒಳಗಿನಿಂದ ಹಿಡಿದಿದ್ದರು. ಕತ್ತಿನ ಹಿಂದೆ ತಣ್ಣನೆಯ ಉಸಿರು. ಕಿವಿಯಲ್ಲಿ ಮುದಿ ದನಿ, ಅವನಿಗಿಂತ ಒಂದು ಮಾತು ಮುಂದೆ, ಅದೇ ಸಂಭಾಷಣೆ ಹೇಳುತ್ತಿತ್ತು.

ಬಣ್ಣ ಬಿಗಿಯತೊಡಗಿತು. ಹಸಿ ಚರ್ಮ ಬಿಸಿಲಿಗೆ ಒಣಗಿ ಸೆಟೆದುಕೊಳ್ಳುವ ಹಾಗೆ. ತುಟಿಗಳು ಅಂಟಿಕೊಂಡವು. ಮೂಗು ಮುಚ್ಚಿತು. ಗಾಳಿ ಇಲ್ಲ. ಕೆನ್ನೆ ಪರಚಿಕೊಂಡ. ಉಗುರು ಜಾರಿತು. ಮೊಣಕಾಲೂರಿ ಬಿದ್ದ. ಹಲಗೆಗೆ ತಲೆ ಚಚ್ಚಿದ. ಉಸಿರಿಲ್ಲ. ಕಣ್ಣು ಕತ್ತಲಿಟ್ಟಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವನು ಸಾಯುತ್ತಿದ್ದ. ಅವರು “ಭಲೇ!” ಎನ್ನುತ್ತಿದ್ದರು.

“ಅದು ನಟನೆ ಅಲ್ಲ! ಪರದೆ ಎಳೀರಿ!” ರಂಗದ ಪಕ್ಕದ ಮರೆಯಲ್ಲಿ ನಿಂತಿದ್ದ ಮಗಳು ಚೀರುತ್ತಾ ರಂಗಕ್ಕೆ ನುಗ್ಗಿದಳು. ಹಿಂದೆಯೇ ಉಡುಪಿನ ಅಕ್ಕ ಓಡಿ ಬಂದಳು. ಪರದೆ ಬಿತ್ತು. ಅಕ್ಕ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅವನ ಮುಖದೊಳಗಿನ ಯಾರೊಂದಿಗೋ ಮಾತಾಡಿದಳು.

“ಅಣ್ಣಾ, ಸಾಕು. ಮಗಳಿದ್ದಾಳೆ ಕಣೋ ಇವನಿಗೆ. ಮುಖ ತಗೋ, ಉಸಿರು ಬಿಟ್ಬಿಡು.” ನಟನ ಕಿವಿಗೆ ಬಗ್ಗಿದಳು. “ಕೊಡ್ತೀನಿ ಅನ್ನಿ ಸಾರ್. ತಲೆ ಆಡ್ಸಿ. ಬೇಗ!”

ಮಗಳ ಕೈ ಅವನ ಕೈಯಲ್ಲಿತ್ತು. ತಲೆ ಆಡಿಸಿದ.

ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಣ್ಣ ಇಡಿಯಾಗಿ ಕಳಚಿ ಬಿತ್ತು. ಉಸಿರು ನುಗ್ಗಿತು. ಪರದೆಯಾಚೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ನರ ಸತ್ತಿದೆ ಎಂದರು ವೈದ್ಯರು. ಗಾಯವಿಲ್ಲ, ಕಲೆಯಿಲ್ಲ, ಅದೇ ಕಣ್ಣು, ಅದೇ ಮೂಗು. ಆದರೆ ಆ ಮುಖದ ಮೇಲೆ ಯಾವ ಭಾವವೂ ಮೂಡದು. ಮಾತು ಕೂಡ ತುಟಿ ಅಲುಗದೆ ಗಂಟಲಿನಿಂದ ತೊದಲಿ ಬರುತ್ತಿತ್ತು. ಬಾಗಿಲಿಗೆ ಯಾರೂ ಬರಲಿಲ್ಲ. ಬಹಳ ಕಾಲದ ಮೇಲೆ ಒಬ್ಬ ನಿರ್ದೇಶಕ ಬಂದು, ನೆಲ ನೋಡುತ್ತಾ, ಒಂದು ಸಣ್ಣ ಪಾತ್ರವಿದೆ ಎಂದ. ಹೆಣದ ಪಾತ್ರ.

ನಟ ಒಪ್ಪಿಕೊಂಡ.

ಚಟ್ಟದ ಮೇಲೆ ಮಲಗಿದ. ದೀಪಗಳ ಕಾವು ಹಣೆ ಸುಡುತ್ತಿತ್ತು. ಹೊಸ ನಾಯಕಿ ಎದೆ ಬಡಿದುಕೊಂಡು ಅತ್ತಳು. “ಕಟ್” ಎಂದ ನಿರ್ದೇಶಕ ಕುಣಿದಾಡಿದ. “ಅದ್ಭುತ ಸಾರ್! ಇಂಥ ಹೆಣ ನಾನು ನೋಡೇ ಇಲ್ಲ!”

ಮಗಳು ಬಳಿ ಬಂದು ಬಗ್ಗಿದಳು. ಅವನು ಎದ್ದಿರಲಿಲ್ಲ. ಕಣ್ಣುಗಳು ತೆರೆದೇ ಇದ್ದವು, ಅವಳನ್ನೇ ನೋಡುತ್ತಿದ್ದವು. ಅವಳು ಆ ಮುಖವನ್ನು ತುಂಬ ಹೊತ್ತು ಹುಡುಕಿದಳು.

“ಅಪ್ಪಾ, ಖುಷಿ ಆಯ್ತಾ? ಇಲ್ಲ… ಅಳ್ತಿದ್ದೀಯಾ? ಬಾಯಿಬಿಟ್ಟು ಹೇಳಪ್ಪ. ನನಗೆ ಗೊತ್ತಾಗಲ್ಲ.”