ಗೋಡೆ ಸಾಲಿನ ಹಗ್ಗ

"ಆ ಕೊನೇ ಮೊಳೆ ಮೇಲಿರೋ ಕುಳ್ಳ ಹಗ್ಗ ಒಂದನ್ನ ಮುಟ್ಬೇಡಪ್ಪ," ಎಂದಳು ಹಗ್ಗದಜ್ಜಿ. "ಉಳಿದದ್ದನ್ನ ಮುಟ್ಟು, ಮೂಸು, ಬೇಕಾದ್ರೆ ಕೊರಳಿಗೆ ಹಾಕ್ಕೊಂಡು ಕುಣಿ. ಅದು ಮಾತ್ರ ನಿನಗೆ ಅಂತ ಇಟ್ಟಿದ್ದಲ್ಲ."

ಸರ್ವೆಯರ್ ನಕ್ಕ. ಅವನು ಈ ಊರಿಗೆ ವರ್ಗವಾಗಿ ಬಂದು ಎಂಟೇ ದಿನ. ಅಷ್ಟರಲ್ಲೇ ಅವನ ನಗು ಊರಿಗೆಲ್ಲ ಪರಿಚಯವಾಗಿತ್ತು. ಸತ್ತ ಮನೆಯ ಮುಂದೆ ಹೋಗುವಾಗಲೂ ಅದನ್ನು ಜೇಬಿಗೆ ಹಾಕಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ.

"ಯಾಕಜ್ಜಿ, ಕಚ್ಚುತ್ತಾ?"

"ಕಚ್ಚೋದಾಗಿದ್ರೆ ಔಷಧಿ ಆದ್ರೂ ಇರ್ತಿತ್ತು."

ಸ್ಮಶಾನದ ಗೇಟಿನ ಪಕ್ಕದ ತಗಡಿನ ಕೋಣೆ ಅದು. ಹೊರಗೆ ಮೊಟ್ಟೆ ಬೇಯುವಂಥ ಬಿಸಿಲು, ಒಳಗೆ ತನ್ನ ಕೈ ತನಗೆ ಕಾಣದಂಥ ಕತ್ತಲು. ನಾರಿನ ವಾಸನೆ, ಇಲಿಯ ವಾಸನೆ, ಇವೆರಡರ ಅಡಿಯಲ್ಲಿ ಹಸಿ ಮಣ್ಣಿನ ವಾಸನೆ. ಗೋಡೆಯ ತುಂಬ ಮೊಳೆಗಳು, ಮೊಳೆ ಮೊಳೆಗೂ ಒಂದೊಂದು ಹಗ್ಗ. ಗುಂಡಿ ತೋಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಅಳತೆಯ ಕೆಲಸ ಅಜ್ಜಿಗೆ ಬಂದಿತ್ತು. ಯಾರೇ ಸತ್ತರೂ ನೆತ್ತಿಯಿಂದ ಹಿಮ್ಮಡಿಯವರೆಗೆ ಹಗ್ಗ ಹಿಡಿದು ಕತ್ತರಿಸುವುದು, ಅದೇ ಅಳತೆಗೆ ಗುಂಡಿ ತೋಡಿಸುವುದು, ಮಣ್ಣು ಮುಚ್ಚಿದ ಮೇಲೆ ಆ ಹಗ್ಗವನ್ನು ತಂದು ಮೊಳೆಗೆ ನೇತುಹಾಕುವುದು. ಒಬ್ಬರ ಹಗ್ಗ ಇನ್ನೊಬ್ಬರಿಗೆ ಹಿಡಿಯುವಂತಿಲ್ಲ. ಉಳ್ಳವರಿಗೆ ಮೇಲೆ ಕಲ್ಲಿತ್ತು, ಕಲ್ಲಿನ ಮೇಲೆ ಹೆಸರಿತ್ತು. ಹಿಂದಿನ ಗೋಡೆಯ ಪಕ್ಕದ ಸಾಲಿನಲ್ಲಿ ಮಲಗಿದವರಿಗೆ ಇದ್ದದ್ದು ಈ ಹಗ್ಗ ಒಂದೇ. ಅಜ್ಜಿ ಕಣ್ಣು ಮುಚ್ಚಿ, ಬೆರಳಲ್ಲಿ ಸವರಿ, ಇವನು ಕೊಡೆ ರಿಪೇರಿಯವನು, ಇವಳು ಇಸ್ತ್ರಿಯವಳು ಎಂದು ಹೇಳುತ್ತಿದ್ದಳು.

"ಅದು ಯಾರದ್ದು?"

"ನನ್ನ ಮೊಮ್ಮಗಳದ್ದು. ಗೋಡೆ ಸಾಲಲ್ಲೇ ಮಲಗಿದ್ದಾಳೆ. ನಾಲ್ಕು ವರ್ಷ. ಶಿಶುವಿಹಾರದ ಗೋಡೆ ಮೈಮೇಲೆ ಬಿತ್ತು. ಆ ಗೋಡೆ ಕಟ್ಟಿಸಿದವನು ಒಬ್ಬ, ಗಟ್ಟಿ ಇದೆ ಅಂತ ಸಹಿ ಹಾಕಿದವನು ಇನ್ನೊಬ್ಬ. ಕಟ್ಟಿಸಿದವನೇ ನಿನ್ನನ್ನ ಇಲ್ಲಿಗೆ ಕಳಿಸಿರೋದು."

ಕಳಿಸಿದವನು ಜಿಲ್ಲಾ ಸಭೆಯ ಅಧ್ಯಕ್ಷ. ಜಿಲ್ಲೆಯಲ್ಲಿ ಆಗಿಹೋದ ಅಧ್ಯಕ್ಷರು, ಸದಸ್ಯರು ಯಾರು ಯಾರು ಎಲ್ಲೆಲ್ಲಿ ಮಣ್ಣಾಗಿದ್ದಾರೆ ಎಂದು ಪಟ್ಟಿ ಮಾಡಬೇಕಿತ್ತು. ಸಮಾಧಿಗಳ ಉದ್ದಗಲ ಬರೆಯಬೇಕಿತ್ತು. ಎಲ್ಲರನ್ನೂ ತಂದು ಮುಂದಿನ ಸಾಲಿನಲ್ಲಿ ಒಟ್ಟಿಗೆ ಮಲಗಿಸಿ 'ನಾಯಕರ ಅಂಗಳ' ಎಂದು ಹೆಸರಿಡುವುದು ಅಧ್ಯಕ್ಷನ ಆಸೆ. ನಟ್ಟನಡುವಿನ ಜಾಗ ತನಗೇ ಎಂದು ಈಗಲೇ ಟವೆಲು ಹಾಸಿಟ್ಟಿದ್ದ. ಅಂಗಳಕ್ಕೆ ಹಿಂದಿನಿಂದಲೂ ದಾರಿ ಬಿಡಲು ಗೋಡೆ ಸಾಲು ಮಟ್ಟವಾಗಬೇಕು. ಅದಕ್ಕೆ ಸರ್ವೆಯರ್ ಪಟ್ಟಿಯ ಕೊನೆಯಲ್ಲಿ ಒಂದು ಮಾತು ಬರೆದು ಸಹಿ ಹಾಕಬೇಕು: ಗೋಡೆ ಸಾಲು ಖಾಲಿ.

"ನಾನು ಬಂದಿರೋದು ಅಳೆಯೋಕೆ, ಅಳೋಕಲ್ಲ," ಎಂದು ಸರ್ವೆಯರ್ ಟೇಪು ಹಿಡಿದು ಬಿಸಿಲಿಗಿಳಿದ.

ನಾಯಕರು ಸತ್ತ ಮೇಲೂ ಎತ್ತರಕ್ಕೆ ಜಗಳವಾಡುತ್ತಿದ್ದರು. ಒಬ್ಬನ ಕಲ್ಲು ಆಳೆತ್ತರವಾದರೆ ಪಕ್ಕದವನದು ಆಳಿನ ಮೇಲೊಂದು ಆಳು. ಸಭೆಯಲ್ಲಿ ಮೂವತ್ತು ವರ್ಷ ಗೊರಕೆ ಹೊಡೆದವನೊಬ್ಬ ಇಲ್ಲೂ ಅದೇ ಕೆಲಸ ಮುಂದುವರಿಸಿದ್ದ. ಚರಂಡಿ ಮುಚ್ಚಿಸುತ್ತೇನೆಂದು ನಾಲ್ಕು ಚುನಾವಣೆ ಗೆದ್ದವನು ಅದೇ ಚರಂಡಿಯ ದಂಡೆಯಲ್ಲಿ ಮೂಗು ಮೇಲೆ ಮಾಡಿ ಮಲಗಿದ್ದ. ಮೂರನೇ ಸಮಾಧಿಗೆ ಬರುವಷ್ಟರಲ್ಲಿ ಉಕ್ಕಿನ ಟೇಪು ಕಟಕ್ಕೆಂದು ಒಳಗೆ ಸುತ್ತಿಕೊಂಡಿತು. ಎಳೆದ, ಕುಟ್ಟಿದ, ಬೈದ. ಆಮೆಯ ತಲೆಯಂತೆ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಸಂಜೆಯೊಳಗೆ ಪಟ್ಟಿ ಅಧ್ಯಕ್ಷನ ಮೇಜಿನ ಮೇಲಿರಬೇಕು.

ಅಜ್ಜಿ ನೀರಿಗೆ ಹೋಗಿದ್ದಳು. ಸರ್ವೆಯರ್ ಕತ್ತಲಲ್ಲಿ ಕೈಯಾಡಿಸಿದ. ಉದ್ದದ ಹಗ್ಗಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಿಡಿಯಾಗಿ, ಎಳೆದರೆ ಬರುವಂತೆ ತೂಗುತ್ತಿದ್ದದ್ದು ಒಂದೇ.

ಆ ಕುಳ್ಳ ಹಗ್ಗವನ್ನೇ ಅಳತೆಗೋಲು ಮಾಡಿಕೊಂಡ. ಗೊರಕೆಯವನು ಎರಡು ಹಗ್ಗ ಮತ್ತೊಂದು ಗೇಣು. ಚರಂಡಿಯವನು ಎರಡೂವರೆ ಹಗ್ಗ. ಹೀಗೆ ಸಾಲುಸಾಲಾಗಿ ಬರೆದುಕೊಂಡ. ಕೊನೆಗೆ ತಲೆ ಕೆರೆದುಕೊಂಡ. ಹಗ್ಗದ ಲೆಕ್ಕ ಅಡಿಗೆ ತಿರುಗಬೇಕಲ್ಲ, ಒಂದು ಹಗ್ಗ ಎಂದರೆ ಎಷ್ಟು ಅಡಿ? ಅವನಿಗೆ ಖಚಿತವಾಗಿ ಗೊತ್ತಿದ್ದ ಉದ್ದ ಒಂದೇ ಒಂದು. ಅವನದೇ ಎತ್ತರ, ಐದಡಿ ಏಳಂಗುಲ.

ಹಗ್ಗದ ತುದಿಯನ್ನು ಹಿಮ್ಮಡಿಯ ಕೆಳಗೆ ಒತ್ತಿ ಹಿಡಿದು ನೆತ್ತಿಯವರೆಗೆ ತಂದ. ಎರಡು ಹಗ್ಗಕ್ಕೆ ಒಂದು ಗೇಣು ಕಮ್ಮಿ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಆದರೆ ಹಗ್ಗ ನೆತ್ತಿಗೆ ತಾಗಿದ ಜಾಗ ತಣ್ಣಗಾಯಿತು, ಒದ್ದೆ ಅಂಗೈಯೊಂದನ್ನು ಯಾರೋ ಅಲ್ಲಿ ಇಟ್ಟಂತೆ. ಮೂಗಿಗೆ ಸಿಮೆಂಟು ಧೂಳಿನ ವಾಸನೆ ಅಡರಿತು. ಸುತ್ತ ಎಲ್ಲೂ ಸಿಮೆಂಟಿನ ಕೆಲಸ ನಡೆಯುತ್ತಿರಲಿಲ್ಲ.

ಸೀನಿದ. ಗೋಡೆ ಸಾಲು ಖಾಲಿ ಎಂದು ಬರೆದ. ಸಹಿ ಹಾಕಿದ. ಹಗ್ಗವನ್ನು ಮೊಳೆಗೆ ಹಾಕುವುದು ಮರೆತು ಚೀಲಕ್ಕೆ ತುರುಕಿದ. ಮಾರನೇ ದಿನ ಮಣ್ಣು ಅಗೆಯುವ ಯಂತ್ರ ಬಂದು ಗೋಡೆ ಸಾಲನ್ನು ಕೆರೆದು, ಆ ಮಣ್ಣನ್ನು ಒಯ್ದು ನಾಯಕರ ಅಂಗಳದ ತಗ್ಗಿಗೆ ತುಂಬಿತು.

ಸರ್ವೆಯರ್ ಇದ್ದದ್ದು ಅಕ್ಕನ ಜೊತೆ. ಅಕ್ಕ ಬಟ್ಟೆ ಹೊಲಿಯುವವಳು. ತಾಯಿ ಇಲ್ಲದ ತಮ್ಮನನ್ನು ಸಾಕಿದವಳು ಅವಳೇ, ಅವನ ಮೈಯಳತೆ ಅವಳ ಬೆರಳಿಗೆ ಬಾಯಿಪಾಠ.

"ಏನೋ ಇದು, ಪ್ಯಾಂಟು ನೆಲ ಗುಡಿಸ್ತಾ ಇದೆ?" ಎಂದಳು ಮರುದಿನ.

"ನೀನೇ ಉದ್ದ ಹೊಲಿದಿದ್ದೀಯ."

"ನಲವತ್ತು ವರ್ಷದಿಂದ ಹೊಲಿತಿದ್ದೀನಿ, ನನಗೆ ಕೈ ತಪ್ಪುತ್ತಾ? ನಿಂತ್ಕೋ ಈ ಕಡೆ." ಟೇಪು ಹಿಡಿದಳು. ಮತ್ತೊಮ್ಮೆ ಹಿಡಿದಳು. "ಎರಡು ಬೆರಳು ಕಮ್ಮಿ ಇದ್ದೀಯಲ್ಲೋ!"

ಅದರ ಮಾರನೇ ದಿನ ಇನ್ನೆರಡು ಬೆರಳು. ಆಮೇಲೆ ಇನ್ನೆರಡು. ಸಂಜೆ ಐದಾದರೆ ಬೆನ್ನುಹುರಿಯೊಳಗೆ ಹಗ್ಗ ಬಿಗಿಯುವ ಸದ್ದು ಕೇಳುತ್ತಿತ್ತು. ಕಿರ್‍ರ್. ಕಿರ್‍ರ್. ಚೀಲದಲ್ಲಿದ್ದ ಹಗ್ಗವನ್ನು ಒಲೆಗೆ ಹಾಕಿದ. ಒಲೆ ಆರಿತು, ಹಗ್ಗ ಬೆಚ್ಚಗೂ ಆಗಲಿಲ್ಲ. ಬಾವಿಗೆ ಎಸೆದ. ಮನೆಗೆ ಬಂದಾಗ ಅದು ಚೀಲದಲ್ಲೇ ಒದ್ದೆಯಾಗಿ ಸುತ್ತಿಕೊಂಡಿತ್ತು. ಡಾಕ್ಟರು ಗೋಡೆಗೆ ನಿಲ್ಲಿಸಿ ಅಳೆದರು, ಅಳತೆಪಟ್ಟಿಯನ್ನೇ ಬದಲಿಸಿದರು, ಕೊನೆಗೆ ತಮ್ಮ ಕನ್ನಡಕವನ್ನೂ ಬದಲಿಸಿದರು. ಹತ್ತನೇ ದಿನ ಬಾಗಿಲ ಚಿಲಕ ಅವನ ಕೈಗೆ ಎಟುಕಲಿಲ್ಲ. ಅಕ್ಕ ಜಗಲಿಯಲ್ಲಿ ಕುಳಿತು, ಬಿಕ್ಕುತ್ತಾ, ಅವನ ಅಂಗಿಗಳನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ನೀನು ಏನು ಮಾಡ್ಕೊಂಡು ಬಂದಿದ್ದೀಯ, ನಿಜ ಹೇಳು," ಎಂದಳು. "ಹೋಗು, ಯಾರ ಕಾಲು ಹಿಡೀಬೇಕೋ ಹಿಡಿ. ನಿನಗೀಗ ಬಗ್ಗೋ ಕಷ್ಟವೂ ಇಲ್ಲ."

ಹದಿಮೂರನೇ ದಿನ, ನಾಲ್ಕಡಿಯ ಸರ್ವೆಯರ್ ಸ್ಮಶಾನಕ್ಕೆ ಹೋದ. ಮಟ್ಟವಾದ ನೆಲದ ಮೇಲೆ ಅಜ್ಜಿ ಕಾಲು ಚಾಚಿ ಕುಳಿತಿದ್ದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡುವುದು ಬೇಗ ಮುಗಿಯಿತು.

"ಹೇಳಿರ್ಲಿಲ್ವಾ?"

"ತಪ್ಪಾಯ್ತಜ್ಜಿ. ಇದೇನು ಮಾಟವಾ?"

"ಹೌದು, ಮಾಟ. ಒಪ್ಕೊಳ್ಳೋಕೆ ನನಗೇನು ನಾಚಿಕೆ? ಮಗು ಕೂದಲು ಹೆಣೆದು, ಅವಳ ಗುಂಡಿಯ ನೀರಲ್ಲಿ ನಲವತ್ತೊಂದು ದಿನ ನೆನೆಹಾಕಿದ ಹಗ್ಗ ಅದು. ಜೀವ ಇರೋರು ಯಾರು ಅದರಲ್ಲಿ ಅಳತೆ ಕೊಡ್ತಾರೋ ಅವರು ಅವಳುದ್ದಕ್ಕೆ ಇಳೀತಾರೆ, ಆಮೇಲೆ ಅವಳ ಹಾಗೇ ತಣ್ಣಗಾಗ್ತಾರೆ. ಅಧ್ಯಕ್ಷನಿಗೆ ಅಂತ ಇಟ್ಟಿದ್ದೆ. ಅವನು ಇಲ್ಲಿಗೆ ಕಾಲೇ ಇಡಲಿಲ್ಲ, ನಿನ್ನನ್ನ ಕಳಿಸಿದ. ನಿನ್ನ ಕೈಗೆ ಬುದ್ಧಿ ಇರ್ಲಿಲ್ಲ."

"ಬಿಡಿಸ್ಕೊಳ್ಳೋಕೆ ದಾರಿ ಇಲ್ವಾ?"

ಅಜ್ಜಿ ಹಿಡಿ ಮಣ್ಣೆತ್ತಿ ಬೆರಳ ಸಂದಿಯಿಂದ ಸುರಿಯಲು ಬಿಟ್ಟಳು. "ಇದೆ. ಅವನ ಅಳತೆ ಹಗ್ಗಕ್ಕೆ ಸಿಕ್ಕಿದ್ರೆ ನಿನ್ನನ್ನ ಬಿಡುತ್ತೆ. ಆದರೆ ಬಲವಂತ ನಡೆಯಲ್ಲ. ಅವನೇ ಬಾಯಿಬಿಟ್ಟು 'ನನ್ನನ್ನ ಅಳಿ' ಅನ್ನಬೇಕು. ಹೋದ ಉದ್ದ ಮಾತ್ರ ತಿರುಗಿ ಬರಲ್ಲ."

ಸರ್ವೆಯರ್ ಲೆಕ್ಕ ಹಾಕಿದ. ಇನ್ನು ಆರು ದಿನಕ್ಕೆ ಅವನು ಸರಿಯಾಗಿ ಒಂದು ಹಗ್ಗದುದ್ದ.

ಅಧ್ಯಕ್ಷ ತನ್ನ ಕೋಣೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಆರಡಿ ಆಳು, ಅದಕ್ಕೆ ತಕ್ಕ ಹೊಟ್ಟೆ. ಬಾಗಿಲಲ್ಲಿ ನಿಂತವನನ್ನು ಗುರುತಿಸಲು ಹೊತ್ತು ಹಿಡಿಯಿತು.

"ಏನಯ್ಯಾ ಇದು! ಬಿಸಿನೀರಲ್ಲಿ ಒಗೆದ ಉಣ್ಣೆ ಬಟ್ಟೆ ಥರ ಆಗಿದ್ದೀಯ!"

"ಕಾಯಿಲೆ, ಸಾರ್. ಪಟ್ಟಿಯಲ್ಲಿ ಒಂದು ಸಾಲು ಬಾಕಿ ಇತ್ತು. ನಾಯಕರ ಅಂಗಳದಲ್ಲಿ ನಿಮ್ಮ ಜಾಗದ ಉದ್ದ ಬರೀಬೇಕಿತ್ತು."

ಅಧ್ಯಕ್ಷನ ಮುಖ ಅರಳಿತು. "ಎಲ್ಲರಿಗಿಂತ ದೊಡ್ಡದು ಅಂತ ಬರಿ."

"ಬಾಯಿಮಾತಲ್ಲಿ ಬರೆದ್ರೆ ಉಪಾಧ್ಯಕ್ಷರು ತಗಾದೆ ತೆಗೀತಾರೆ ಸಾರ್. ತಮ್ಮ ಜಾಗ ಒಂದು ಗೇಣು ಜಾಸ್ತಿ ಮಾಡಿಸ್ಕೊಳ್ತಾರೆ."

ಬಾಣ ನೆಟ್ಟಿತು. "ಅವನಪ್ಪನ ಮನೆ ಅಂಗಳವಾ? ಅಳಿ, ಈಗಲೇ ಅಳಿ!" ಎಂದು ಅಧ್ಯಕ್ಷ ಸಭೆಯ ಉದ್ದ ಮೇಜಿನ ಮೇಲೆ ತಾನೇ ಹತ್ತಿ ಮಲಗಿದ. ಬೂಟು ಜೋಡಿಸಿದ. ಎದೆಯ ಮೇಲೆ ಕೈ ಕಟ್ಟಿದ. ಕಣ್ಣು ಮುಚ್ಚಿ, ಫೋಟೋಗೆ ನಗುವಂತೆ ನಕ್ಕ. ಆ ಕ್ಷಣ ಸರ್ವೆಯರನ ಕೈ ತಡೆಯಿತು. ನಗುತ್ತಿರುವ ಆ ಮುಖವನ್ನು ನೋಡಿದ. ಅಕ್ಕ ಮತ್ತೆ ಮತ್ತೆ ಬಿಚ್ಚುತ್ತಿದ್ದ ಅಂಗಿ ನೆನಪಾಯಿತು. ಕುರ್ಚಿಯ ಮೇಲೆ ಹತ್ತಿ ಹಗ್ಗ ತೆಗೆದ.

ಹಿಮ್ಮಡಿಗೆ ಒಂದು ತುದಿ. ಇನ್ನೊಂದು ತುದಿ ತಾನಾಗಿ ಮುಂದೆ ಹರಿಯಿತು. ಹೊಟ್ಟೆ ದಾಟಿತು. ಎದೆ ಹತ್ತಿತು. ನಾರು ಹಿಗ್ಗಿತು, ಮತ್ತೂ ಹಿಗ್ಗಿತು. ನೆತ್ತಿ ಮುಟ್ಟಿತು.

ಕಿರ್‍ರ್.

ಕಿಟಕಿಯ ಬೆಳಕು ಕಂದಿತು. ಕೋಣೆಯ ತುಂಬ ಸಿಮೆಂಟು ಧೂಳು. ಹಗ್ಗ ಹಿಂದಕ್ಕೆ ಸೆಳೆಯಿತು. ಜೊತೆಗೆ ಅಧ್ಯಕ್ಷನನ್ನೂ ಸೆಳೆಯಿತು. ಸರ್ವೆಯರನಿಗೆ ದಿನಕ್ಕೆ ಎರಡು ಬೆರಳು ಇಳಿಸಿದ ಹಗ್ಗ ಇವನಿಗೆ ಅಷ್ಟು ಬಿಡುವು ಕೊಡಲಿಲ್ಲ. ಮೂಳೆಗಳು ಒಣ ಪುಳ್ಳೆಯಂತೆ ಲಟಲಟ ಎಂದವು. ಒಂದು ಬೂಟು ಬಿತ್ತು. ಇನ್ನೊಂದು ಬಿತ್ತು. ಅಂಗಿಯ ತೋಳುಗಳು ಖಾಲಿಯಾದವು. ಬಾಯಿ ತೆರೆಯಿತು. ಕೂಗು ದಪ್ಪಗೆ ಶುರುವಾಗಿ ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ಕೊನೆಗೆ ನಾಲ್ಕು ವರ್ಷದ ಮಗುವಿನ ದನಿ ಅವನ ಗಂಟಲಿಂದ ಬಂತು.

"ಗೋಡೆ ತೆಗೀರಿ. ಅಜ್ಜೀ, ಗೋಡೆ ತೆಗಿಯೋಕೆ ಹೇಳಜ್ಜೀ."

ಆಮೇಲೆ ಅದೂ ಇಲ್ಲ. ಮೇಜಿನ ಮೇಲೆ ದೊಡ್ಡ ಅಂಗಿ. ಅಂಗಿಯೊಳಗೆ ಸರಿಯಾಗಿ ಒಂದು ಹಗ್ಗದುದ್ದ, ಎರಡು ಮೊಳ ಮೂರು ಬೆರಳು.

ಮನೆಯವರು ನಾಚಿಕೆಗೂ ಹೆದರಿಕೆಗೂ ಬಾಯಿ ಬಿಡಲಿಲ್ಲ. ಏಳಡಿಯ ಪೆಟ್ಟಿಗೆಗೆ ಮರಳು ತುಂಬಿ, ಮುಚ್ಚಳಕ್ಕೆ ಮೊಳೆ ಹೊಡೆದು, ಬ್ಯಾಂಡು ಬಾರಿಸಿ ನಾಯಕರ ಅಂಗಳದ ನಡುವೆ ಹೂಳಿದರು. ಮೇಲೆ ಆನೆಯಷ್ಟು ದೊಡ್ಡ ಕಲ್ಲು ನಿಲ್ಲಿಸಿದರು. ಬಟ್ಟೆಯಲ್ಲಿ ಸುತ್ತಿದ ಸಣ್ಣ ಗಂಟನ್ನು ಮಾತ್ರ, ಎಲ್ಲಾದರೂ ಹಾಕು ಎಂದು ಅಜ್ಜಿಯ ಕೈಗೆ ಕೊಟ್ಟು ಹೋದರು. ಅಜ್ಜಿ ಅದನ್ನು ಗೋಡೆ ಪಕ್ಕದಲ್ಲಿ, ಬೀದಿನಾಯಿಗಳು ಕಾಲೆತ್ತುವ ಮೂಲೆಯಲ್ಲಿ ಹೂತಳು.

"ನನ್ನ ಕೂಸಿನ ಮಣ್ಣನ್ನ ಅವರೇ ಒಯ್ದು ಅಲ್ಲಿ ತುಂಬಿದ್ರಲ್ಲ," ಎಂದು ಸರ್ವೆಯರನಿಗೆ ದೊಡ್ಡ ಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದಳು. "ಈಗ ಜಿಲ್ಲೆಯ ದೊಡ್ಡೋರೆಲ್ಲ ಬಂದು ಅವಳಿಗೆ ಹೂವಿಟ್ಟು ಕೈ ಮುಗೀತಾರೆ. ಇವನಿಗೆ ನಾಯಿಗಳಿವೆ."

ಸರ್ವೆಯರನ ಬೆನ್ನಲ್ಲಿ ಸದ್ದು ನಿಂತಿತು. ನಾಲ್ಕಡಿಗೆ ನಿಂತವನು ಅಲ್ಲೇ ಉಳಿದ. ಅಕ್ಕ ಹೊಸ ಅಳತೆಯನ್ನು ಬಾಯಿಪಾಠ ಮಾಡಿಕೊಂಡಳು. ಹಗ್ಗವನ್ನು ಹಿಂದಿರುಗಿಸಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. "ನಿನ್ನ ಚೀಲಕ್ಕೆ ಒಗ್ಗಿದೆ, ಇರ್ಲಿ," ಎಂದಳು, ಅಷ್ಟೇ.

ತಿಂಗಳು ಕಳೆದ ಮೇಲೆ ಹೊಸ ಅಧ್ಯಕ್ಷ ಕರೆಕಳಿಸಿದ. ಅವನು ಹಿಂದಿನ ಉಪಾಧ್ಯಕ್ಷ. ಶಿಶುವಿಹಾರದ ಗೋಡೆ ಗಟ್ಟಿ ಇದೆ ಎಂದು ಸಹಿ ಹಾಕಿದ್ದ ಕೈ ಅವನದೇ. ಅದೇ ಕೋಣೆ, ಅದೇ ಉದ್ದ ಮೇಜು.

"ಆ ಗೋಡೆ ಪಕ್ಕದಲ್ಲಿ ವಾಹನ ನಿಲ್ಲಿಸೋ ಜಾಗ ಮಾಡಿಸ್ಬೇಕು. ಮುದುಕಿ ಮತ್ತೆ ಅಲ್ಲಿ ಏನೋ ಹೂತಿದ್ದಾಳಂತೆ. ನೀನು ಹಳೇ ಪಟ್ಟಿಯಲ್ಲಿ ಬರೆದ ಹಾಗೇ ಬರೆದುಬಿಡು. ಗೋಡೆ ಸಾಲು ಖಾಲಿ."

ಸರ್ವೆಯರ್ ಪೆನ್ನು ತೆಗೆದ. ಚೀಲದೊಳಗೆ ಏನೋ ಮಿಸುಕಿತು. ಕಿರ್‍ರ್. ಸಿಮೆಂಟು ಧೂಳಿನ ವಾಸನೆ ಬಂತು. ಬಹಳ ದಿನದಿಂದ ಕಾಣದಿದ್ದ ನಗು ಅವನ ಮುಖಕ್ಕೆ ತಾನಾಗಿ ಮರಳಿತು.

"ಬರೀತೀನಿ ಸಾರ್," ಎಂದ. "ನಾಯಕರ ಅಂಗಳದಲ್ಲಿ ನಿಮ್ಮ ಜಾಗ ಎಷ್ಟುದ್ದ ಅಂತಲೂ ಬರೆದುಬಿಡಲಾ? ಹಳೇ ಅಧ್ಯಕ್ಷರದ್ದು ಏಳಡಿ."

ಹೊಸ ಅಧ್ಯಕ್ಷ ಕುರ್ಚಿಯಿಂದ ಎದ್ದ. ಎದೆಯುಬ್ಬಿಸಿ ನೆಟ್ಟಗೆ ನಿಂತ.

"ಅವನಿಗಿಂತ ನಾನೇನು ಕಮ್ಮಿ? ನನ್ನನ್ನ ಅಳಿ, ಅಯ್ಯಾ," ಎಂದ.