ಅಲೆಗೆ ಬಿಟ್ಟ ಹೊಗೆಸೊಪ್ಪು

ಮರಳ ದಿಬ್ಬದ ನೆತ್ತಿ ತಲುಪಿದಾಗ ಮಂಜರಿಗೆ ಮೊದಲು ಕಂಡದ್ದು ಸರ್ಫ್ ಬೋರ್ಡ್. ನೊರೆಯಲ್ಲಿ ಅದೊಂದೇ ಹೊರಳುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಹಳದಿ ಬೋರ್ಡ್. ಮದುವೆ ಮಾತುಕತೆಯ ವೀಡಿಯೊ ಕಾಲ್‌ನಲ್ಲಿ ನಿರಂಜನ್ ಹೆಮ್ಮೆಯಿಂದ ತೋರಿಸಿದ್ದು ಅದನ್ನೇ.

ನವೆಂಬರ್ ಗಾಳಿಗೆ ಮಿಷಿಗನ್ ಸರೋವರ ಸಮುದ್ರದಂತೆ ಮೊರೆಯುತ್ತಿತ್ತು. ಬೋರ್ಡ್ ಏರಿ ಸವಾರಿ ಮಾಡಲು ಇಂಥ ದಿನವೇ ಅಲೆ ಚೆನ್ನಾಗಿರುತ್ತದಂತೆ. ಆಬರ್ನ್ ಹಿಲ್ಸ್‌ನ ಈ ಎಂಜಿನಿಯರ್‌ಗೆ ಅದೊಂದು ಹುಚ್ಚು. ಆ ಹುಚ್ಚಿಗೆ ಹೆದರಿಯೇ ಅವಳು ಸಂಬಂಧ ಬೇಡವೆಂದದ್ದು. ಅಮ್ಮ ಅವರ ಮನೆಗೆ ಫೋನ್ ಮಾಡಿ, "ಜಾತಕ ಕೂಡಿಬರಲಿಲ್ಲ" ಎಂದು ನಯವಾಗಿ ಮುಗಿಸಿದ್ದರು. ಆಮೇಲೆ ಮಂಜರಿಗೆ ನೆಮ್ಮದಿಯಿರಲಿಲ್ಲ. ಶನಿವಾರಗಳಲ್ಲಿ ಅವನು ಇಲ್ಲೇ ಇರುತ್ತಾನೆಂದು ಗೊತ್ತಿತ್ತು. ನಿಜ ಹೇಳಿಬಿಡೋಣವೆಂದು ಸರೋವರದ ಆಚೆ ಬದಿಯ ಎಲ್ಕ್ ಗ್ರೋವ್‌ನಿಂದ ಒಬ್ಬಳೇ ಕಾರಿನಲ್ಲಿ ಬಂದಿದ್ದಳು. ಮುಖಾಮುಖಿ ಇದೇ ಮೊದಲು.

ಆದರೆ ಆ ಮುಖ ಎಲ್ಲಿ?

ನೀರಂಚಿನಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಚೀಲದಿಂದ ಏನನ್ನೋ ಚಿಟಿಕೆ ತೆಗೆದು, ತುಟಿಯಲ್ಲೇ ಗುನುಗುತ್ತಾ ನೀರಿಗೆ ಬಿಟ್ಟರು.

 ತಾತ ಹೋದಾಗ ಶ್ರೀರಂಗಪಟ್ಟಣದ ಹೊಳೆಯಲ್ಲಿ ಅಪ್ಪ ಹೀಗೇ ಎಳ್ಳುನೀರು ಬಿಟ್ಟಿದ್ದರು... ಇದು ಯಾರಿಗೆ?

ಜಾರುತ್ತಾ, ಬೀಳುತ್ತಾ ದಿಬ್ಬ ಇಳಿದಳು. "ಯಾರು ತೀರಿಕೊಂಡರು? ಹೇಳಿ... ಅವನಾ?" ಇಂಗ್ಲಿಷ್ ತೊದಲುತ್ತಿತ್ತು.

ಅಜ್ಜಿ ಅವಳ ಕೈ ಹಿಡಿದರು. "ಸತ್ತವರಿಗಲ್ಲ ಮಗೂ. ಇದು ಹೊಗೆಸೊಪ್ಪು. ನಾವು ಇಲ್ಲಿಯ ಮೂಲನಿವಾಸಿಗಳು, ಪೊಟವಾಟಮಿ ಜನ, ನಮ್ಮ ಹಿರಿಯರು ಬದುಕಿದ ದಡ ಇದು. ನೀರನ್ನು ಏನಾದರೂ ಕೇಳುವ ಮೊದಲು ಇದನ್ನು ಕೊಡುತ್ತೇವೆ. ಬೋರ್ಡ್ ಒಂದೇ ಬಂದದ್ದು ನೋಡಿದೆ. ದಡ ಕಾಯುವ ರೇಂಜರ್‌ಗೆ ಫೋನ್ ಮಾಡಿದೆ. ಆಮೇಲೆ, ಹುಡುಗನನ್ನು ವಾಪಸ್ ಕೊಡು ಅಂತ ಕೇಳಿದೆ."

ಅಂದರೆ ಅವನಿನ್ನೂ ನೀರಿನಲ್ಲೇ...

ಮಂಜರಿ ದಡದುದ್ದಕ್ಕೂ ಓಡಿದಳು. ಕೂಗಿದ ಹೆಸರನ್ನು ಗಾಳಿ ಅವಳ ಬಾಯಿಗೇ ತುರುಕುತ್ತಿತ್ತು.

ದೂರದ ದಿಬ್ಬದ ಬುಡದಲ್ಲಿ ಕಪ್ಪಗೆ ಏನೋ ತೆವಳಿತು. ಎದ್ದಿತು. ಬಿತ್ತು. ಮತ್ತೆ ಎದ್ದಿತು.

ನಿರಂಜನ್, ಮೈಗಂಟಿದ ಕಪ್ಪು ಈಜುಡುಗೆಯಲ್ಲಿ. ತುಟಿ ನೀಲಿಗಟ್ಟಿತ್ತು. ಬೋರ್ಡ್‌ಗೆ ಕಟ್ಟಿದ್ದ ಹಗ್ಗ ತುಂಡಾಗಿ ಕಾಲಲ್ಲಿ ನೇತಾಡುತ್ತಿತ್ತು.

"ನೀವು... ಮಂಜರಿ ಅಲ್ವಾ?"

"ಜಾತಕ ಯಾರೂ ನೋಡೇ ಇಲ್ಲ." ಅವಳು ತನ್ನ ಕೋಟನ್ನು ಅವನಿಗೆ ಸುತ್ತಿದಳು. "ನಂಗೆ ಭಯ ಆಗಿತ್ತು. ಇಂಥದ್ದೇ ದಿನ ಬರುತ್ತೆ ಅಂತ."

"ಗೊತ್ತಿತ್ತು. ನಮ್ಮಮ್ಮನೂ ಎಷ್ಟೋ ಮನೆಗೆ ಅದೇ ಹೇಳಿದಾರೆ." ಹಲ್ಲು ಕಟಕಟಿಸುತ್ತಲೇ ನಕ್ಕ. ಆಮೇಲೆ ನಗು ನಿಂತಿತು. "ನೀರೊಳಗೆ ನಂಗೂ ಭಯ ಆಯ್ತು."

"ಬೇಡ ಅಂದ್ರೆ ಭಯ ಹೋಗುತ್ತೆ ಅನ್ಕೊಂಡಿದ್ದೆ. ಹೋಗ್ಲಿಲ್ಲ. ನೀವು ಯಾರೋ ಆಗಿದ್ರೆ ನಾನು ಇಷ್ಟು ನಡುಗ್ತಿದ್ನಾ?"

ಅವನು ಅವಳನ್ನೇ ನೋಡಿದ. "ಇನ್ನು ನೀರಿಗೆ ಇಳಿಬೇಡಿ ಅಂತೀರಾ?"

ಮಂಜರಿ ಅಲೆಗಳ ಕಡೆ ತಿರುಗಿದಳು. 

"ಇಲ್ಲ. ಒಬ್ಬರೇ ಬರಬೇಡಿ. ನಾನು ದಡದಲ್ಲಿ ನಡುಗ್ತಾ ನಿಂತಿರ್ತೀನಿ."

"ಯಾವಾಗ್ಲೂ?"

"ಯಾವಾಗ್ಲೂ. ಈಗ ಬಾಯಿ ಮುಚ್ಕೊಂಡು ಕಾರ್ ಹತ್ತಿ. ಹೀಟರ್ ಹಾಕ್ತೀನಿ."